ಎಂಬತ್ತೆಂಟು ಕೆಜಿಯ ಸ್ಪ್ರಿಂಗು

ಇವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಕಲಿಯುವವರ ಕಾಲ ಕೆಳಗೆ ಇರುವಂಥದೇ ಒಂದು ಬ್ರೇಕು ಪಕ್ಕದ ಸೀಟಿನಲ್ಲಿ ಕೂತ ಇವರ ಕಾಲ ಕೆಳಗೂ ಇರುತ್ತದೆ. ಮನೆಗೆ ಬಂದ ಮೇಲೂ ಆ ಕಾಲು ಸುಮ್ಮನಿರುವುದಿಲ್ಲ. ನಾನೊಂದು ಹೊಸ ಮಾತು ತೆಗೆದು ಇನ್ನೂ ಎರಡನೇ ಗೇರಿಗೆ ಬಂದಿರುವುದಿಲ್ಲ, ಒತ್ತಿಬಿಡುತ್ತಾರೆ.

ಹಾಗಾಗಿ, ನನ್ನ ದುಡಿಮೆಯಲ್ಲಿ ನನಗೊಂದು ಬೈಕು ಕೊಳ್ಳುತ್ತೇನೆ ಎಂದಾಗ ಇವರು ಒತ್ತದೇ ಇದ್ದದ್ದು ಕಂಡು ನನಗೇ ಆಶ್ಚರ್ಯವಾಯಿತು.

"ತಗೋ, ಅದಕ್ಕೇನಂತೆ," ಎಂದರು. "ಆದ್ರೆ ಚಿಕ್ಕದೂ ಬೇಡ, ದೊಡ್ಡದೂ ಬೇಡ, ನಡುವಿನದು ತಗೋ. ಇನ್ನೂರೈವತ್ತು ಸಿಸಿ. ಮುನ್ನೂರು ನಿನ್ನ ಕೈಲಾಗಲ್ಲ."

ರಸ್ತೆಯ ಬೈಕಲ್ಲ. ದೀಪವೂ ಕನ್ನಡಿಯೂ ಇಲ್ಲದ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ, ಮಣ್ಣಿನಲ್ಲಿ ಕಲ್ಲಿನಲ್ಲಿ ಓಡಿಸುವ ಟೂ-ಸ್ಟ್ರೋಕ್ ಬೈಕು. ಊರಾಚೆಯ ಪಾಳುಬಿದ್ದ ಕಲ್ಲುಗಣಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಜನ ಸೇರಿ ಓಡಿಸುತ್ತೇವೆ. ಮದುವೆಯಾದ ವರ್ಷ ಇವರೇ ನನಗೆ ಕಲಿಸಿದರು. ಚೆನ್ನಾಗಿಯೇ ಕಲಿಸಿದರು, ಇಲ್ಲವೆನ್ನಲಾರೆ. ಆದರೆ ನಾನು ಓಡಿಸಿದ್ದೆಲ್ಲ ಇವರು ಬಿಟ್ಟ ಬೈಕುಗಳು. ಹೊಸದು ಬಂದಾಗ ಹಳೆಯದು ನನ್ನದಾಗುತ್ತಿತ್ತು. ಹಾಗೆ ನನ್ನದಾದ ಮೊದಲನೆಯದು ಎಂಟು ತಿಂಗಳಿಗೆ ಮೈದುನನ ಮನೆ ಸೇರಿತು. ಎರಡನೆಯದನ್ನು ಯಾರೋ ಗೆಳೆಯ ಕೇಳಿದನೆಂದು ಕೊಟ್ಟರು. ಮೂರನೆಯದರ ಎಂಜಿನ್ ಬಿಚ್ಚಿ ತಮ್ಮ ಬೈಕಿಗೆ ಬಳಸಿಕೊಂಡರು. ಪ್ರತಿ ಸಲವೂ ಸಂಜೆ ಕೆಲಸದಿಂದ ಬಂದು ಶೆಡ್ಡಿನ ಬಾಗಿಲು ತೆಗೆದಾಗಲೇ ನನಗೆ ಗೊತ್ತಾಗುತ್ತಿದ್ದದ್ದು.

ನನ್ನ ಕೆಲಸ ಹಲ್ಲು ಕಟ್ಟುವ ಲ್ಯಾಬಿನಲ್ಲಿ. ಬಾಯಿಯ ಅಚ್ಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬಲಗೈಯಲ್ಲಿ ಮೇಣ ಕೆತ್ತಬೇಕು. ಇಪ್ಪತ್ತೊಂದು ವರ್ಷ ಹೀಗೆ ಹಿಡಿದು ಹಿಡಿದು ನನ್ನ ಎಡ ಮಣಿಕಟ್ಟು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ. ಬೈಕಿನ ಕ್ಲಚ್ಚು ಇರುವುದೂ ಎಡಗೈಗೇ.

ಸುದ್ದಿ ಕೇಳಿ ಮಹಡಿ ಮನೆಯ ನಾದಿನಿ ಇಳಿದು ಬಂದಳು. "ಅತ್ತಿಗೆ, ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ? ಹಲ್ಲು ಕಟ್ಟೋ ಹಾಗೆ ಸೊಂಟಾನೂ ಕಟ್ಕೋತೀರಾ?"

"ಕಟ್ಕೋತೀನಿ. ನಿಂದೂ ಅಳತೆ ಕೊಟ್ಟಿರು," ಎಂದೆ. ಅಷ್ಟು ಖುಷಿಯಲ್ಲಿದ್ದೆ ಆಗ.

ಬೈಕಿನ ಅಂಗಡಿಯವನನ್ನು ನಾವೆಲ್ಲ ಡಾಕ್ಟ್ರು ಎನ್ನುತ್ತೇವೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಆನಿಸಿ ಕಾಯಿಲೆ ಹೇಳುವವ. ಒಂದು ಭಾನುವಾರ ಎರಡೂ ಬೈಕುಗಳನ್ನು ಗಾಡಿಗೇರಿಸಿಕೊಂಡು ಗಣಿಗೇ ತಂದ. "ಓಡಿಸಿ ನೋಡಿ ಅಕ್ಕ. ಕಾಗದದಲ್ಲಿ ಓದಿ ಬೈಕ್ ತಗೊಳ್ಳೋದು, ಫೋಟೋ ನೋಡಿ ಚಪ್ಪಲಿ ತಗೊಂಡ ಹಾಗೆ."

ಮೊದಲು ಇನ್ನೂರೈವತ್ತು ಹತ್ತಿದೆ. ಚೂಟಿಯಾದ ಬೈಕು, ತಿರುಗು ಎನ್ನುವ ಮೊದಲೇ ತಿರುಗುತ್ತದೆ. ಆದರೆ ಕಿರುಚಿಸಿದರಷ್ಟೇ ಅದಕ್ಕೆ ಶಕ್ತಿ. ಕಲ್ಲಿನ ಏರಿನಲ್ಲಿ ಸ್ವಲ್ಪ ನಿಧಾನವಾದರೆ ಉಸಿರು ಬಿಡುತ್ತದೆ. ಆಗ ಕ್ಲಚ್ಚು ಹಿಡಿ, ಗೇರು ಇಳಿಸು, ಮತ್ತೆ ಕಿರುಚಿಸು, ಮತ್ತೆ ಕ್ಲಚ್ಚು. ಎರಡು ಸಲ ನಿಂತುಹೋಗಿ, ಮೂರನೇ ಸಲಕ್ಕೆ ಮೇಲೆ ಮುಟ್ಟಿದಾಗ ನನ್ನ ಎಡಗೈ ನನ್ನದಾಗಿರಲಿಲ್ಲ.

ಆಮೇಲೆ ಮುನ್ನೂರು. ದೊಡ್ಡದೆಂದರೆ ಒದೆಯುತ್ತದೆ ಎಂದು ಹೆದರಿದ್ದೆ. ಒದೆಯಲಿಲ್ಲ. ಮೂರನೇ ಗೇರಿನಲ್ಲಿ, ಕ್ಲಚ್ಚಿನ ಗೊಡವೆಯೇ ಇಲ್ಲದೆ, ಗುಡುಗುಡು ಎನ್ನುತ್ತ ಅದೇ ಏರನ್ನು ಹತ್ತಿತು. ನಾನು ಕೇಳಿದಷ್ಟೇ ಕೊಟ್ಟಿತು, ಕೇಳಿದಾಗಲೆಲ್ಲ ಕೊಟ್ಟಿತು. ಮೇಲೆ ನಿಂತು ಎಡಗೈ ಬಿಚ್ಚಿ ಮುಚ್ಚಿ ನೋಡಿಕೊಂಡೆ. ನೋವಿರಲಿಲ್ಲ. ದೊಡ್ಡದು ಗಂಡಸರಿಗೆ, ನಡುವಿನದು ಹೆಂಗಸರಿಗೆ ಎಂದು ಇಷ್ಟು ವರ್ಷ ಎಲ್ಲರೂ ನಂಬಿಸಿದ್ದರು, ನಾನೂ ನಂಬಿದ್ದೆ. ನಿಜವೆಂದರೆ ದೊಡ್ಡದೇ ದಣಿದ ಕೈಗಳಿಗೆ ಹೇಳಿ ಮಾಡಿಸಿದ್ದು.

ಕೆಳಗಿಳಿದು ಬಂದು ಹೇಳಿದೆ. ಇವರು ನಕ್ಕರು. "ಕೊಡಿಲ್ಲಿ, ಅಂಥದೇನಿದೆ ನೋಡ್ತೀನಿ," ಎಂದು ಹತ್ತಿಕೊಂಡು ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ಬಂದಾಗ ಹೆಲ್ಮೆಟ್ಟು ತೆಗೆದ ಮುಖ ಬೇರೆಯಾಗಿತ್ತು. ಅಂದು ಊಟದ ಹೊತ್ತಿಗೆ ತಾವಾಗಿಯೇ, "ನೀನು ಹೇಳಿದ್ದೇ ಸರಿ ಕಣೇ, ದೊಡ್ಡದೇ ತಗೋ," ಎಂದರು.

ನಾನು ಓಡಿಸಿದ್ದನ್ನು ನೋಡಿ ಮನಸ್ಸು ಬದಲಾಯಿಸಿದ್ದಾರೆ ಎಂದುಕೊಂಡೆ. ಅಂದುಕೊಂಡ ನನ್ನನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ವಾರವಿಡೀ ಲ್ಯಾಬಿನಲ್ಲಿ ಗುನುಗಿಕೊಂಡು ಕೆಲಸ ಮಾಡಿದೆ. ಇಷ್ಟು ವರ್ಷಗಳಾದ ಮೇಲೆ ಒಬ್ಬ ಗಂಡಸು ಹೆಂಡತಿಯ ಮಾತಿಗೆ "ಸರಿ" ಎಂದನಲ್ಲ ಎಂದು ಬೀಗಿದೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಒಬ್ಬಳೇ ಅಂಗಡಿಗೆ ಹೋದೆ. ಹೇಳಿಟ್ಟಿದ್ದ ಮುನ್ನೂರರ ಬೈಕು ಸ್ಟ್ಯಾಂಡಿನ ಮೇಲೆ ಸಿದ್ಧವಾಗಿತ್ತು. ಡಾಕ್ಟ್ರು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಅವನ ಅಂಗಡಿಯಲ್ಲಿ ಒಂದು ಪದ್ಧತಿ. ಮಣ್ಣಿನ ಬೈಕಿನ ಸ್ಪ್ರಿಂಗು ಓಡಿಸುವವರ ತೂಕಕ್ಕೆ ತಕ್ಕಂತೆ ಇರಬೇಕು. ಮೆತ್ತಗಾದರೆ ನೆಲ ಬಡಿಯುತ್ತದೆ, ಗಟ್ಟಿಯಾದರೆ ಪ್ರತಿ ಕಲ್ಲಿಗೂ ಎತ್ತಿ ಒಗೆಯುತ್ತದೆ. ಅದಕ್ಕೇ ಕೊಂಡವರ ತೂಕ ಕೇಳಿ ಸ್ಪ್ರಿಂಗು ಹಾಕುತ್ತಾನೆ. ಆಮೇಲೆ ಅವರನ್ನು ಕೂರಿಸಿ, ಹಿಂಬದಿ ಎಷ್ಟು ಇಳಿಯಿತೆಂದು ಟೇಪು ಹಿಡಿದು ನೋಡಿದ ಮೇಲೆಯೇ ಗಾಡಿ ಆಚೆ ಬಿಡುವುದು.

"ಬಂದಿದ್ದೀನಲ್ಲ, ಅಳೆದುಬಿಡು," ಎಂದು ಹತ್ತಿ ಕೂತೆ.

ಅವನು ಬಗ್ಗಿ ಟೇಪು ಹಿಡಿದ. ಮತ್ತೊಮ್ಮೆ ಹಿಡಿದ. "ಅಕ್ಕ, ಸರಿಯಾಗಿ ಕೂತ್ಕೊಳ್ಳಿ."

"ಕೂತಿದ್ದೀನಲ್ಲೋ."

"ನೀವು ಕೂತಿರೋದು ಗಾಡಿಗೆ ಗೊತ್ತೇ ಆಗಿಲ್ಲ," ಎಂದು ನಕ್ಕವನು ನಡುವೆಯೇ ನಗು ನಿಲ್ಲಿಸಿದ. ಹ್ಯಾಂಡಲಿಗೆ ಕಟ್ಟಿದ್ದ ಚೀಟಿ ತಿರುಗಿಸಿ ನೋಡಿದ. ನಾನೂ ನೋಡಿದೆ. ತೂಕ: ಎಂಬತ್ತೆಂಟು.

ನಾನು ಐವತ್ತೆಂಟು ಕೆಜಿ. ಎಂಬತ್ತೆಂಟು ಯಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಸಾರ್ ಫೋನ್ ಮಾಡಿ ಹೇಳಿದ್ರು," ಎಂದ ಟೇಪು ಸುತ್ತಿಕೊಳ್ಳುತ್ತ. "ನಾನು... ಇಬ್ರೂ ಮಾತಾಡ್ಕೊಂಡೇ ಹೇಳಿರ್ತೀರಿ ಅಂದ್ಕೊಂಡೆ."

ಮನೆಗೆ ಬಂದು ಕೇಳಿದೆ. ಜಗಳದ ದನಿಯಲ್ಲಿ ಕೇಳಲಿಲ್ಲ. ಇವರು ಸೋಫಾದಲ್ಲಿ ಕೂತು ಕಾಲುಚೀಲ ಕಳಚುತ್ತಿದ್ದರು.

"ಸ್ಪ್ರಿಂಗ್ ನಿಮ್ಮ ತೂಕಕ್ಕೆ ಹಾಕ್ಸಿದ್ರಂತೆ."

"ಹೂಂ ಮತ್ತೆ? ನಿನ್ನ ತೂಕಕ್ಕೆ ಹಾಕಿದ್ರೆ ನಾನು ಕೂತ ತಕ್ಷಣ ಕುಸಿದು ಹೋಗುತ್ತೆ."

"ಅದು ನನ್ನ ಬೈಕಲ್ವಾ?"

"ನಿಂದೇ. ಬೇಡ ಅಂದೋರ್ಯಾರು? ಇಬ್ರೂ ಓಡಿಸಿದ್ರಾಯ್ತು. ಸ್ಪ್ರಿಂಗ್ ಸ್ವಲ್ಪ ಗಟ್ಟಿ ಇದ್ರೆ ಹಗುರ ಇರೋರಿಗೇನೂ ಆಗಲ್ಲ."

"ಎತ್ತಿ ಒಗೆಯುತ್ತೆ ರೀ. ನೀವೇ ಹೇಳ್ಕೊಟ್ಟಿದ್ದು."

"ಅಯ್ಯೋ, ನೀನೇನು ರೇಸಿಗೆ ಹೋಗ್ತೀಯಾ?" ಒಂದು ಕಾಲುಚೀಲ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಂದು ನಂದು ಅಂತ ಏನೇ ಅದು, ಮನೇದು ಕಣೇ. ಇಷ್ಟು ವರ್ಷ ಹಾಗೇ ಅಲ್ವಾ?"

ಹೌದು, ಹಾಗೇ. ನನ್ನದೆಲ್ಲ ಮನೆಯದು, ಇವರದು ಮಾತ್ರ ಇವರದು. ಇದರಲ್ಲಿ ಇವರಿಗೆ ತಪ್ಪೇನೂ ಕಾಣಿಸುವುದಿಲ್ಲ. ಸುಳ್ಳು ಹೇಳುತ್ತಿದ್ದೇನೆಂಬ ಅಳುಕೂ ಇರಲಿಲ್ಲ ಆ ಮುಖದಲ್ಲಿ.

ಹಟ ಹಿಡಿಯಬಹುದಿತ್ತು. ದೊಡ್ಡದಕ್ಕೇ ಐವತ್ತೆಂಟರ ಸ್ಪ್ರಿಂಗು ಹಾಕಿಸಿ ಮನೆಗೆ ತರಬಹುದಿತ್ತು. ತಂದರೂ ಸ್ಪ್ರಿಂಗು ಬದಲಾಯಿಸುವುದು ಒಂದು ಗಂಟೆಯ ಕೆಲಸ. ನಾನು ಲ್ಯಾಬಿನಲ್ಲಿದ್ದ ಯಾವುದೋ ಮಧ್ಯಾಹ್ನ ಅದು ನಡೆದುಹೋಗುತ್ತದೆ. ಕೇಳಿದರೆ, ಒಂದೇ ವಾರಕ್ಕೆ ಕಣೇ, ಎನ್ನುತ್ತಾರೆ. ಇವರಿಗೆ ಆ ಬೈಕಿನ ಮೇಲೆ ಮನಸ್ಸಿರುವ ತನಕ ಅದು ನನ್ನದಾಗುವುದಿಲ್ಲ. ಒಂದು ಬೀಗ ಕೊಂಡು ತರುವ ಯೋಚನೆಯೂ ಬಂತು. ಗಂಡ ಮುಟ್ಟದಂತೆ ಬೈಕಿಗೆ ಬೀಗ ಹಾಕುವ ಹೆಂಗಸಾಗಿ ಬದುಕುವ ಶಕ್ತಿ ನನಗಿಲ್ಲ, ಅಷ್ಟೇ.

ಮರುದಿನ ಡಾಕ್ಟ್ರ ಹತ್ತಿರ ಹೋಗಿ, "ಇನ್ನೂರೈವತ್ತು ಕೊಡು. ಸ್ಪ್ರಿಂಗ್ ಐವತ್ತೆಂಟಕ್ಕೆ," ಎಂದೆ.

"ಅಕ್ಕ, ಅವತ್ತು ನೋಡಿದ್ನಲ್ಲ. ನಿಮ್ಮ ಕೈಗೆ ದೊಡ್ಡದೇ ಸರಿ."

"ಗೊತ್ತು."

"ಮತ್ತೆ?"

"ಇದನ್ನ ಇವ್ರು ಕಣ್ಣೆತ್ತಿಯೂ ನೋಡಲ್ಲ."

ಅವನು ಚೀಟಿ ಬರೆಯಲು ಪೆನ್ನು ಹುಡುಕತೊಡಗಿದ. ಈ ಸಲ ನಾನು ಕೂತದ್ದು ಗಾಡಿಗೆ ಗೊತ್ತಾಯಿತು. ಹಿಂಬದಿ ಮೆಲ್ಲನೆ ತಗ್ಗಿ, ಟೇಪಿನ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

ಮನೆಯಲ್ಲಿ ಇವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನಕ್ಕೆ ಆ ಆಯ್ಕೆ ಇವರದೇ ಆಗಿಬಿಟ್ಟಿತ್ತು. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, "ನಾನು ಮೊದಲಿಂದಾನೂ ಅದನ್ನೇ ಹೇಳ್ತಿದ್ದೆ, ಕೊನೆಗೂ ದಾರಿಗೆ ಬಂದ್ಲು." ನಾದಿನಿಯೂ ಬಂದು, "ನಮ್ಮಣ್ಣ ಎಷ್ಟು ಯೋಚ್ನೆ ಮಾಡಿ ಹೇಳ್ತಾನೆ ನೋಡಿ ಅತ್ತಿಗೆ," ಎಂದು ಹೋದಳು. ನಾನು ಹೂಂ ಎಂದೆ. ಇಲ್ಲವೆಂದು ವಾದಿಸಲು ಹೋದರೆ, ದೊಡ್ಡದೇ ಬೇಕಿತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಒಪ್ಪಿಕೊಂಡರೆ ಅದು ಸೋಮವಾರವೇ ನಮ್ಮ ಶೆಡ್ಡಿಗೆ ಬಂದು ನಿಲ್ಲುತ್ತಿತ್ತು, ಎಂಬತ್ತೆಂಟರ ಸ್ಪ್ರಿಂಗಿನ ಮೇಲೆ.

ಈಗ ನಾಲ್ಕು ತಿಂಗಳಾಯಿತು. ಹೋದ ಭಾನುವಾರ ಗಣಿಯಲ್ಲಿ ಯಾರೋ ಹೊಸಬರು ನನ್ನ ಬೈಕಿನ ಸುತ್ತ ತಿರುಗಿ, ಒಂದು ಸುತ್ತು ಹೋಗಿಬರಲೇ ಎಂದು ಇವರನ್ನು ಕೇಳಿದರು. ನನ್ನನ್ನಲ್ಲ. ಇವರು ಬಂಡೆಯ ಮೇಲೆ ಕೂತೇ ಕೈಬೀಸಿದರು. "ಅದು ನಿಮಗಾಗಲ್ಲ ಬಿಡಿ, ಅದು ಇವಳದು."

ಆ ಮಾತು ಇವರ ಬಾಯಲ್ಲಿ ಬಂದದ್ದು ಅದೇ ಮೊದಲು. ಎಲ್ಲರೂ ನಕ್ಕರು. ನಾನು ಗ್ಲೌಸಿನೊಳಗೆ ಎಡ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು, ಕಿಕ್ ಹೊಡೆದು, ಕ್ಲಚ್ಚು ಹಿಡಿದೆ.