ಅಳತೆ ತೆಗೆಯದ ಕಾಲು

ಹೊಲಿಗೆ ಕೆಲಸದವರ ಮನೆಯಲ್ಲಿ ಕಾಲುನೋವಿಗೆ ಬೇರೆ ಹೆಸರೇ ಇಲ್ಲ. ಪಾದ ಊದಿತೇ, ಅದು ಮೆಷಿನ್ ಕಾಲು. ಮೀನಖಂಡ ಹಿಡಿಯಿತೇ, ಅದೂ ಮೆಷಿನ್ ಕಾಲು. ಟೈಲರಮ್ಮನ ಅತ್ತೆಗೆ ಅದಿತ್ತು, ಟೈಲರಮ್ಮನಿಗೂ ಮೂವತ್ತು ವರ್ಷದಿಂದ ಇದೆ. ಮದ್ದೂ ಒಂದೇ. ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದು, ಮೇಲೆ ಬಟ್ಟೆಪಟ್ಟಿ ಬಿಗಿಯಾಗಿ ಸುತ್ತುವುದು, ಬೆಳಗಾದರೆ ಮತ್ತೆ ಮೆಷಿನ್ನಿಗೆ ಕೂರುವುದು.

ಹಾಗಾಗಿ ಏಳು ತಿಂಗಳ ಬಸುರಿ ಚಿಕ್ಕ ಮಗಳು, "ಅಮ್ಮ, ನಾಲ್ಕು ದಿನದಿಂದ ಕಾಲು ಎಳೀತಾ ಇದೆ, ಊದಿದೆ, ಮುಟ್ಟಿದ್ರೆ ಬಿಸಿ ಬಿಸಿ" ಎಂದಾಗ ಟೈಲರಮ್ಮ ಕತ್ತರಿ ಕೆಳಗಿಡಲಿಲ್ಲ.

"ಮೆಷಿನ್ ಕಾಲು ಕಣೇ. ಈ ಶಾಲೆ ಸಮವಸ್ತ್ರದ ರಾಶಿ ಮುಗೀಲಿ, ಆಮೇಲೆ ಬೇಕಾದಷ್ಟು ಕಾಲು ಚಾಚ್ಕೊಂಡು ಮಲಗು."

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಮೂರು ಮೆಷಿನ್. ಒಂದು ಟೈಲರಮ್ಮನದು, ಒಂದು ಚಿಕ್ಕವಳದು. ಕಿಟಕಿಯ ಪಕ್ಕದ ಮೂರನೆಯದಕ್ಕೆ ನಾಲ್ಕು ವರ್ಷದಿಂದ ಬೂದು ಬಟ್ಟೆ ಹೊದಿಸಿದೆ. ಅದು ದೊಡ್ಡ ಮಗಳದು. ದೊಡ್ಡವಳು ಹೆರಿಗೆಯಾದ ಹತ್ತನೆಯ ದಿನ ಬಚ್ಚಲಿಗೆಂದು ಎದ್ದವಳು, "ಅಮ್ಮ, ಉಸಿರು" ಎಂದು ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಮಗು ಈಗ ಅಪ್ಪನ ಮನೆಯಲ್ಲಿ ಬೆಳೆಯುತ್ತಿದೆ. ಜನ ಹಣೆಬರಹ ಎಂದರು. ಟೈಲರಮ್ಮನೂ ಹಾಗೇ ಅಂದುಕೊಂಡು, ಆ ಮಾತನ್ನೇ ಮಡಚಿ ಎದೆಯೊಳಗೆ ಇಟ್ಟುಕೊಂಡಿದ್ದಳು. ಬೇರೆ ಏನು ಅಂದುಕೊಂಡರೂ ಅವಳಿಗೆ ಬದುಕುವುದು ಆಗುತ್ತಿರಲಿಲ್ಲ.

ಆವತ್ತು ಮಧ್ಯಾಹ್ನ ಊಟವಾದ ಮೇಲೆ ಮಗಳನ್ನು ಬೆಂಚಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿದಳು. ಎದುರು ಮನೆಯ ಇಸ್ತ್ರಿ ಅಕ್ಕ ಬಾಗಿಲಲ್ಲಿ ನಿಂತು ಹಿಮ್ಮೇಳ ಹಾಕುತ್ತಿದ್ದಳು.

"ಇನ್ನೂ ಗಟ್ಟಿಯಾಗಿ ಒತ್ತಿ ಟೈಲರಮ್ಮ. ನನ್ನ ತಂಗಿಗೂ ಹಿಂಗೇ ಆಗಿತ್ತು. ಬಸುರಿ ಅಂದ್ಮೇಲೆ ಕಾಲು ಊದ್ದೆ ಕಿವಿ ಊದುತ್ತಾ?"

ಹೊತ್ತಿಗೆ ಸರಿಯಾಗಿ ಸಿಸ್ಟರ್ ಬಂದರು. ಹತ್ತಿರದ ಆಸ್ಪತ್ರೆಯ ನರ್ಸ್. ಬಿಳಿ ಕೋಟಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ವರ್ಷಕ್ಕೊಮ್ಮೆ ಬರುವವರು. "ಹೋದ ಸಲಾನೇ ಕೊನೇ ಹೊಲಿಗೆ ಬಿಡಿಸಿದ್ದೀನಿ, ಇನ್ನು ಬಿಡೋಕೆ ಅದರಲ್ಲಿ ಬಟ್ಟೆ ಇಲ್ಲ ಸಿಸ್ಟರ್" ಎಂದು ಟೈಲರಮ್ಮ ನಗಲು ಹೋದಳು. ಸಿಸ್ಟರ್ ನಗಲಿಲ್ಲ. ಅವರ ಕಣ್ಣು ಎಣ್ಣೆ ಹಚ್ಚಿದ ಕಾಲಿನ ಮೇಲಿತ್ತು.

"ಟೈಲರಮ್ಮ, ಮೊದಲು ಕೈ ತೆಗೀರಿ. ಒತ್ತಬೇಡಿ."

"ಮೆಷಿನ್ ಕಾಲು, ಸಿಸ್ಟರ್."

"ನಿಮ್ಮ ಟೇಪ್ ಕೊಡಿ."

ಕೊರಳಲ್ಲಿ ಸದಾ ಜೋತುಬಿದ್ದಿರುವ ಟೇಪನ್ನು ಟೈಲರಮ್ಮ ತೆಗೆದುಕೊಟ್ಟಳು. ಸಿಸ್ಟರ್ ಅದನ್ನು ಮೀನಖಂಡದ ದಪ್ಪ ಭಾಗಕ್ಕೆ ಸಡಿಲವಾಗಿ ಸುತ್ತಿ, "ನೀವೇ ಓದಿ" ಎಂದರು. ಬಲಗಾಲು ಹದಿಮೂರು ಇಂಚು. ಎಡಗಾಲು ಹದಿನಾಲ್ಕೂವರೆ.

ಟೈಲರಮ್ಮ ಇನ್ನೊಮ್ಮೆ ಓದಿದಳು. ಕಾಲಿಂಚು ಆಚೀಚೆ ಆದರೆ ಅಂಗಿ ವಾಪಸು ಬರುವ ಕೆಲಸ ಅವಳದು. ಒಂದೂವರೆ ಇಂಚೆಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಿಸ್ಟರ್ ಮಗಳ ಕಡೆ ತಿರುಗಿದರು. "ಮೆಷಿನ್ ಯಾವ ಕಾಲಲ್ಲಿ ಒತ್ತೀಯಮ್ಮ?"

"ಬಲಗಾಲಲ್ಲಿ."

"ಊದಿರೋದು?"

ಮಗಳು ತನ್ನ ಎಡಗಾಲನ್ನು ನೋಡಿಕೊಂಡಳು. ಇಸ್ತ್ರಿ ಅಕ್ಕ ಸೆರಗು ಸರಿಮಾಡಿಕೊಂಡಳು.

"ಬಸುರಲ್ಲಿ ಎರಡೂ ಪಾದ ಸ್ವಲ್ಪ ಊದೋದು ಬೇರೆ" ಎಂದರು ಸಿಸ್ಟರ್. "ಒಂದೇ ಕಾಲು ಹಿಂಗೆ ಊದಿ, ನೋವು ಬಂದು, ಬಿಸಿಯಾಗಿದ್ರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರೀಲೂ ಬಾಣಂತನದಲ್ಲೂ ರಕ್ತ ಬೇಗ ಹೆಪ್ಪಾಗುತ್ತೆ. ಗಂಟೆಗಟ್ಟಲೆ ಕೂತೇ ಇದ್ರೆ ಇನ್ನೂ ಅಪಾಯ. ಆ ಹೆಪ್ಪಿನ ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಉಸಿರೇ ಕಟ್ಟುತ್ತೆ. ಮನೇಲಿ ಯಾರಿಗಾದ್ರೂ ಹಿಂಗೆ ಆಗಿತ್ತಾ?"

"ಅಕ್ಕನಿಗೆ..." ಎಂದಳು ಮಗಳು.

"ಅವಳದು ಹೃದಯ ನಿಂತಿದ್ದು!" ಟೈಲರಮ್ಮ ಗದರಿದಳು. "ಹಣೆಬರಹ ಅದು. ಸುಮ್ನೆ ಅವಳನ್ನ ಎಳೀಬೇಡ ಇಲ್ಲಿಗೆ."

ಆದರೆ ಬಾಯಿ ಗದರುತ್ತಿದ್ದಾಗಲೇ ಅವಳ ಮನಸ್ಸು ಒಳಕೋಣೆಗೆ ಹೋಗಿತ್ತು. ಅಲ್ಲಿ ಮಂಚ ಗೋಡೆಗೆ ತಾಗಿಕೊಂಡಿತ್ತು. ಬಾಣಂತಿ ದೊಡ್ಡವಳ ಬಲಭಾಗ ಗೋಡೆಯ ಕಡೆ. ಈಚೆ ಸ್ಟೂಲಿನ ಮೇಲೆ ಕೂತು ಟೈಲರಮ್ಮ ಒಂದು ವಾರ ಅವಳ ಕಾಲು ತಿಕ್ಕಿದ್ದಳು. ಮಡಿಲಲ್ಲಿ ಇದ್ದದ್ದು ಎಡಗಾಲು. ದೊಡ್ಡವಳೂ ಮೆಷಿನ್ ಒತ್ತುತ್ತಿದ್ದದ್ದು ಬಲಗಾಲಲ್ಲೇ.

ಹೊತ್ತು ಕಳೆಯಲು ಸಿಸ್ಟರ್ ಬಿಡಲಿಲ್ಲ. ತಾವೇ ಆಟೋ ಕರೆದರು. ಆಸ್ಪತ್ರೆಯಲ್ಲಿ ಮಗಳ ಕಾಲಿಗೆ ತಣ್ಣನೆಯ ಲೋಳೆಯಂಥ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಹೊಟ್ಟೆಯೊಳಗಿನ ಮಗುವನ್ನು ನೋಡುವಂಥದ್ದೇ ಸ್ಕ್ಯಾನ್, ನೋವಿಲ್ಲ. ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ರಕ್ತ ಹರಿಯುವ ಕಡೆ ಬಣ್ಣ ಆಡುತ್ತಿತ್ತು. ತೊಡೆಯ ಹತ್ತಿರ ಒಂದು ಕಡೆ ಬಣ್ಣವೇ ಇರಲಿಲ್ಲ.

"ಹೆಪ್ಪು ಇದೆ. ಇವತ್ತೇ, ಈಗಲೇ ರಕ್ತ ತೆಳುವಾಗಿಸೋ ಇಂಜೆಕ್ಷನ್ ಶುರು ಮಾಡ್ಬೇಕು. ಆಮೇಲೆ ದಿನಕ್ಕೊಂದು, ಹೊಟ್ಟೆಯ ಚರ್ಮಕ್ಕೆ. ಹೆರಿಗೆ ತನಕ, ಹೆರಿಗೆ ಆದ್ಮೇಲೆ ಕಡಿಮೆ ಅಂದ್ರೂ ಆರು ವಾರ."

ಮಗಳು ಅಮ್ಮನ ಮುಖ ನೋಡಿದಳು. ಅವಳ ಗಂಡ ಲಾರಿ ಡ್ರೈವರ್, ದೂರದ ದಾರಿಯಲ್ಲಿದ್ದ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ. "ನಂಗೇನೂ ತೋಚ್ತಾ ಇಲ್ಲ ಅತ್ತೆ. ನೀವು ಹೆಂಗೆ ಹೇಳ್ತೀರೋ ಹಂಗೆ."

"ಬೇಡ" ಎಂದಳು ಟೈಲರಮ್ಮ.

ಸಿಸ್ಟರ್ ಅವಳನ್ನು ಹೊರಗಿನ ಬೆಂಚಿಗೆ ಕರೆದೊಯ್ದರು. "ಯಾಕೆ ಬೇಡ, ಹೇಳಿ."

"ಹೊಟ್ಟೆಗೆ ಚುಚ್ಚೋದಂತೆ. ಮಗುವಿಗೆ ತಗುಲಿದ್ರೆ?"

"ಸೂಜಿ ಅರ್ಧ ಇಂಚು. ಚರ್ಮ ಮಡಚಿ ಹಿಡಿದು, ಅದರ ಕೆಳಗಿನ ಕೊಬ್ಬಿಗೆ ಹಾಕೋದು. ಮಗು ಎಷ್ಟೋ ಒಳಗಿರುತ್ತೆ. ಈ ಔಷಧಿ ಮಗುವಿಗೆ ದಾಟಿ ಹೋಗೋದೂ ಇಲ್ಲ. ಅದಕ್ಕೇ ಬಸುರಿಯರಿಗೆ ಇದನ್ನೇ ಕೊಡೋದು. ರಕ್ತ ತೆಳುವಾಗಿಸೋ ಕೆಲವು ಮಾತ್ರೆಗಳು ಬಸುರಲ್ಲಿ ಮಗುವಿಗೆ ಕೆಡುಕು ಮಾಡ್ತವೆ."

"ರಕ್ತ ನೀರಾದ್ರೆ ಹೆರಿಗೇಲಿ ನಿಲ್ಲುತ್ತಾ?"

"ರಕ್ತ ನೀರಾಗಲ್ಲ. ಇರೋ ಹೆಪ್ಪು ಬೆಳೀದ ಹಾಗೆ ತಡೆಯುತ್ತೆ, ಮೈಯೇ ಅದನ್ನ ನಿಧಾನಕ್ಕೆ ಕರಗಿಸುತ್ತೆ. ಹೆರಿಗೆಗೆ ಮುಂಚೆ ಯಾವಾಗ ನಿಲ್ಲಿಸ್ಬೇಕು ಅಂತ ಡಾಕ್ಟರಮ್ಮ ದಿನ ಗೊತ್ತು ಮಾಡ್ತಾರೆ. ಅದಕ್ಕೂ ಮೊದಲೇ ನೋವು ಬಂದ್ರೆ ಆವತ್ತಿನ ಇಂಜೆಕ್ಷನ್ ಹಾಕದೆ ನೇರ ಆಸ್ಪತ್ರೆಗೆ ಬರೋದು, ಇಂಜೆಕ್ಷನ್ ತಗೋತಿದ್ದೀವಿ ಅಂತ ಮೊದಲ ಮಾತಲ್ಲೇ ಹೇಳೋದು. ರಕ್ತಸ್ರಾವದ ಭಯ ಸುಳ್ಳಲ್ಲ, ಟೈಲರಮ್ಮ. ಆದ್ರೆ ಅದಕ್ಕೆ ದಾರಿ ಇದೆ. ಉಸಿರು ಕಟ್ಟಿದ್ರೆ ಹೊತ್ತೇ ಸಿಗಲ್ಲ."

ಟೈಲರಮ್ಮನ ಬಳಿ ಪ್ರಶ್ನೆಗಳು ಮುಗಿದವು. ಆದರೂ ಅವಳು ಹೂಂ ಅನ್ನಲಿಲ್ಲ. ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೊನೆಗೆ ಸಣ್ಣ ದನಿಯಲ್ಲಿ ಹೇಳಿದಳು.

"ಸಿಸ್ಟರ್, ಇವಳಿಗೆ ಹೂಂ ಅಂದ್ರೆ ದೊಡ್ಡವಳಿಗೂ ಇದೇ ಆಗಿತ್ತು ಅಂತ ಒಪ್ಕೊಂಡ ಹಾಗೆ. ಆ ಕಾಲನ್ನ ಒಂದು ವಾರ ತಿಕ್ಕಿದ್ದು ನಾನು. ಅಮ್ಮ ನೋವಾಗುತ್ತೆ, ಬಿಡು ಅಂದ್ಲು. ತಡ್ಕೋ, ನೋವಾದ್ರೇನೇ ವಾಸಿಯಾಗೋದು ಅಂದೆ. ಈ ಕೈಯೇ ಸಿಸ್ಟರ್."

ಸಿಸ್ಟರ್ ಅವಳ ಪಕ್ಕಕ್ಕೆ ಸರಿದು ಕೂತರು. ಸುಳ್ಳು ಸಮಾಧಾನ ಹೇಳುವವರಲ್ಲ ಅವರು.

"ಅವಳಿಗೆ ಇದೇ ಆಗಿತ್ತಾ, ನಂಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗಲ್ಲ. ಆಗಿದ್ರೂ, ತಿಕ್ಕದೇ ಇದ್ದಿದ್ರೂ ಆ ಹೆಪ್ಪು ಹಾಗೇ ಹೋಗಬಹುದಿತ್ತು. ಮದ್ದಿಲ್ಲದೆ ಬಿಟ್ಟ ಹೆಪ್ಪೇ ಅಪಾಯ. ನಿಮಗೆ ಯಾರೂ ಹೇಳಿರಲಿಲ್ಲ. ಇವತ್ತು ಹೇಳಿದ್ದೀವಿ. ನಾಳೆಯಿಂದ ಗೊತ್ತಿರಲಿಲ್ಲ ಅನ್ನೋ ಮಾತಿಗೆ ಜಾಗ ಇಲ್ಲ."

ಬಾಗಿಲ ಬಳಿ ಮಗಳು ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಅಮ್ಮ, ನಾನು ಹಾಕಿಸ್ಕೋತೀನಿ" ಎಂದಳು. "ನೀನು ಹೂಂ ಅನ್ನದಿದ್ರೂ ಹಾಕಿಸ್ಕೋತೀನಿ. ಆದ್ರೆ ನೀನು ಪಕ್ಕದಲ್ಲಿರು."

ಟೈಲರಮ್ಮ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕು ವರ್ಷ ಅಳದೆ ಉಳಿಸಿದ್ದೆಲ್ಲ ಆ ಬೆಂಚಿನ ಮೇಲೆ ಹೋಯಿತು. ಆಮೇಲೆ ಮುಖ ತೊಳೆದುಕೊಂಡು ಬಂದು ಮಗಳ ಕೈ ಹಿಡಿದು ನಿಂತಳು.

ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ದಿನದ ಇಂಜೆಕ್ಷನ್ ಹಾಕುವುದನ್ನು ಟೈಲರಮ್ಮನೇ ಕಲಿತಳು. ಸೂಜಿ ಹಿಡಿದು ಸವೆದ ಕೈಯೇನೋ ಹೌದು, ಆದರೂ ಮೊದಲ ದಿನ ಎರಡು ಸಲ ಹತ್ತಿರ ಹೋಗಿ ಹಿಂದಕ್ಕೆ ಬಂತು. "ಅಮ್ಮ, ಗುಂಡಿ ಹೊಲಿಯೋ ಹಾಗೆ ನಾಲ್ಕು ಸಲ ಚುಚ್ಚಬೇಡ" ಎಂದು ಮಗಳೇ ನಗಿಸಿದಳು. ಒಂದು ದಿನ ಎಡಗಡೆ, ಒಂದು ದಿನ ಬಲಗಡೆ. ಹಾಕಿದ ಮೇಲೆ ಉಜ್ಜುವಂತಿಲ್ಲ. ಬಳಸಿದ ಸೂಜಿ ಮುಚ್ಚಳವಿರುವ ಗಟ್ಟಿ ಡಬ್ಬಿಗೆ. ಯಾವ ಕಡೆ ಹಾಕಿದ್ದೆಂದು ಮರೆಯದಿರಲು ಟೈಲರಮ್ಮ ಒಂದು ತುಂಡು ಬಟ್ಟೆ ಇಟ್ಟುಕೊಂಡಳು. ಎಡಕ್ಕಾದರೆ ಒಂದು ನೀಲಿ ಹೊಲಿಗೆ, ಬಲಕ್ಕಾದರೆ ಒಂದು ಕೆಂಪು. ಹೊಟ್ಟೆಯ ಮೇಲೆ ಅಲ್ಲಲ್ಲಿ ಸಣ್ಣ ನೀಲಿ ಕಲೆಗಳಾದವು. ಒಂದು ದಿನ ವಸಡಿನಲ್ಲಿ ರಕ್ತ ನಿಲ್ಲದೆ ಬಂದಾಗ ತಾವೇ ಔಷಧಿ ನಿಲ್ಲಿಸದೆ ಡಾಕ್ಟರಮ್ಮನ ಹತ್ತಿರ ಹೋಗಿ ತೋರಿಸಿದರು. ಅವರು ರಕ್ತ ಪರೀಕ್ಷೆ ಮಾಡಿಸಿ ಮುಂದುವರಿಸಿ ಎಂದರು.

ಗೊತ್ತುಮಾಡಿದ ದಿನ ಇಂಜೆಕ್ಷನ್ ನಿಲ್ಲಿಸಿ, ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ರಕ್ತಸ್ರಾವವಿಲ್ಲ ಎಂದು ನೋಡಿಕೊಂಡು ಡಾಕ್ಟರಮ್ಮ ಮತ್ತೆ ಇಂಜೆಕ್ಷನ್ ಶುರು ಮಾಡಿಸಿದರು.

ಮನೆಗೆ ಬಂದ ಮೇಲೆ ಇಸ್ತ್ರಿ ಅಕ್ಕ ಮಗು ನೋಡಲು ಬಂದಳು. "ಹೆತ್ತಾಯ್ತಲ್ಲ, ಇನ್ನೂ ಯಾಕೆ ಚುಚ್ಚಿ ಚುಚ್ಚಿ ಹಿಂಸೆ ಕೊಡ್ತೀರಿ ಆ ಬಾಣಂತೀಗೆ? ಸಾಕು ಮಾಡಿ."

ಟೈಲರಮ್ಮ ಚರ್ಮ ಮಡಚಿ ಹಿಡಿದ ಕೈ ಬಿಡಲಿಲ್ಲ. "ದೊಡ್ಡವಳು ಹೋಗಿದ್ದು ಹೆತ್ತ ಹತ್ತನೇ ದಿನ" ಎಂದಳು. "ಇವತ್ತು ಇವಳಿಗೆ ಎಂಟನೇದು."

ಇಸ್ತ್ರಿ ಅಕ್ಕ ಮತ್ತೆ ಆ ಮಾತೆತ್ತಲಿಲ್ಲ. ಒಂಬತ್ತನೆಯ ದಿನ ಟೈಲರಮ್ಮನಿಗೆ ಅನ್ನ ಇಳಿಯಲಿಲ್ಲ. ಹತ್ತನೆಯ ದಿನ ಮಗಳು ಬಚ್ಚಲಿಗೆಂದು ಎದ್ದಾಗ ಅವಳ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಒಳಗೆ ನೀರಿನ ಸದ್ದು ನಿಂತಿತು. ಮಗಳು ಹೊರಗೆ ಬಂದು, "ಯಾಕಮ್ಮ ಹಿಂಗೆ ನಿಂತಿದ್ದೀಯ?" ಎಂದಳು. ಟೈಲರಮ್ಮ ಅವಳ ತೋಳು ಹಿಡಿದು ಮಂಚದವರೆಗೆ ನಡೆಸಿಕೊಂಡು ಹೋದಳು.

ಆರು ವಾರ ತುಂಬಿ, ಪರೀಕ್ಷೆ ಮಾಡಿ ಡಾಕ್ಟರಮ್ಮ ಸಾಕು ಎಂದ ದಿನ ಆ ಬಟ್ಟೆಯ ಮೇಲೆ ನೂರಕ್ಕೂ ಮೇಲೆ ಹೊಲಿಗೆಗಳಿದ್ದವು, ನೀಲಿ ಒಂದು, ಕೆಂಪು ಒಂದು. ಟೈಲರಮ್ಮ ಅದನ್ನು ಒಯ್ದು ಕಿಟಕಿ ಪಕ್ಕದ ಮೆಷಿನ್ ಮೇಲೆ, ಬೂದು ಬಟ್ಟೆಯ ಮೇಲೆ ಹಾಸಿದಳು. ಅಷ್ಟೂ ಹೊಲಿಗೆಗಳಲ್ಲಿ ಒಂದೂ ದೊಡ್ಡವಳ ಪಾಲಿಗೆ ಬಂದಿರಲಿಲ್ಲ. ಮನೆಯಲ್ಲಿ ಕೂಸು ಅಳುತ್ತಿತ್ತು, ಚಿಕ್ಕವಳು ಹಾಡುತ್ತಿದ್ದಳು. ಟೈಲರಮ್ಮನಿಗೆ ಸಂತೋಷವಿತ್ತು. ಅದರ ಪಕ್ಕದಲ್ಲೇ ದುಃಖವೂ ಇತ್ತು, ಅದು ಎಲ್ಲಿಗೂ ಹೋಗುವಂಥದ್ದಲ್ಲ.

ಈಗ ಬಸುರಿಯರು ಸಡಿಲ ಅಂಗಿ ಹೊಲಿಸಲು ಬಂದರೆ ಟೈಲರಮ್ಮ ತೋಳು ಎದೆ ಅಳೆದ ಮೇಲೆ ನೆಲಕ್ಕೆ ಕೂರುತ್ತಾಳೆ. "ಎರಡೂ ಕಾಲು ತೋರಿಸಮ್ಮ" ಎನ್ನುತ್ತಾಳೆ. ಕೆಲವರು ನಗುತ್ತಾರೆ. ಅವಳು ನಗುವುದಿಲ್ಲ. "ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಂಗಾಯ್ತು ನನ್ನ ಬಾಳು" ಎನ್ನುತ್ತಾಳೆ. "ಬೀದಿಯವರ ಅಳತೆಯೆಲ್ಲ ತಗೊಂಡೆ. ನನ್ನ ಮಗಳ ಕಾಲಿನ ಅಳತೆ ಒಂದು ಉಳೀತು."

ತಾಯಂದಿರೇ, ಅಕ್ಕತಂಗಿಯರೇ, ಮನೆಯ ಗಂಡಸರೇ, ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬ ಬಸುರಿಯೋ ಬಾಣಂತಿಯೋ ಇರಬಹುದು. ಅವಳ ಒಂದು ಕಾಲು ಇನ್ನೊಂದಕ್ಕಿಂತ ಊದಿದ್ದರೆ, ನೋವಿದ್ದರೆ, ಬಿಸಿಯಾಗಿ ಕೆಂಪಗಿದ್ದರೆ, ತಿಕ್ಕಬೇಡಿ, ಪಟ್ಟಿ ಬಿಗಿಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಊತ ಕಾಣದೆ ಬರೀ ನೋವಿದ್ದರೂ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಒಂದು ನಿಮಿಷವೂ ಕಾಯಬೇಡಿ. ಮನೆಯಲ್ಲಿ ಯಾರಿಗಾದರೂ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಯಾರಾದರೂ ಬಾಣಂತನದಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ, ಎಷ್ಟೇ ಸಂಕಟವಾದರೂ ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಿ. ರಕ್ತ ತೆಳುವಾಗಿಸುವ ಔಷಧಿಯನ್ನು ನಿಮ್ಮಷ್ಟಕ್ಕೆ ಶುರು ಮಾಡಬೇಡಿ, ಕೊಟ್ಟದ್ದನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ. ಕೂತು ಮಾಡುವ ಕೆಲಸವಾದರೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ನೀರು ಕುಡಿಯಿರಿ.

ಇದನ್ನು ಮಡಚಿಡುವ ಮೊದಲು ಎದ್ದು ಹೋಗಿ, ಅವಳ ಎರಡೂ ಕಾಲುಗಳನ್ನು ಒಮ್ಮೆ ನೋಡಿ ಬನ್ನಿ.