ದಾಕ್ಷಿಣ್ಯ ತುಂಬಿದ ದೋಣಿ

೨೦೦೯ರ ಬೇಸಿಗೆಯಲ್ಲಿ ಅಮೆರಿಕದ ವಾರೆನ್ ಊರಿನ ಪಂಚಾಕ್ಷರಿ ತನ್ನ ಮೋಟಾರು ದೋಣಿಯನ್ನು ಮಾರಿದ. ಕಾರು ಕಂಪನಿ ಅವನನ್ನು ಕೆಲಸದಿಂದ ಬಿಡಿಸಿತ್ತು. ದೋಣಿ ಸೋಮವಾರ ಪರರ ಪಾಲಾಗಲಿತ್ತು. ಅದಕ್ಕೆ ಮೊದಲು, ಭಾನುವಾರ, ಸ್ನೇಹಿತರನ್ನೆಲ್ಲ ಸೇಂಟ್ ಕ್ಲೇರ್ ಸರೋವರದಲ್ಲಿ ಸುತ್ತಾಡಿಸುವೆನೆಂದು ಮಾತು ಕೊಟ್ಟಿದ್ದ. ಮಾತು ಕೊಡುವುದರಲ್ಲಿ ಅವನು ಧಾರಾಳಿ. ‘ಆಗದು’ ಎಂಬ ಶಬ್ದ ಅವನ ನಾಲಿಗೆಗೆ ಹತ್ತಿದ್ದೇ ಇಲ್ಲ.

ಹನ್ನೆರಡು ಜನರಿಗೆ ಮಾತ್ರ ಎಂದು ದೋಣಿಯ ತಗಡಿನ ಮೇಲೆ ಸ್ಪಷ್ಟವಾಗಿ ಕೊರೆದಿತ್ತು. ಬಂದವರೆಲ್ಲ ಓದು ಬಲ್ಲವರು. ಅರ್ಧದಷ್ಟು ಮಂದಿ ಭಾರವನ್ನು ಲೆಕ್ಕ ಹಾಕಿಯೇ ಅನ್ನ ತಿನ್ನುವ ಇಂಜಿನಿಯರರು. ಆದರೂ ಇಪ್ಪತ್ತಕ್ಕೂ ಹೆಚ್ಚು ಜನ ಹತ್ತಿ ಕುಳಿತರು.

“ಮಕ್ಕಳು ತೊಡೆ ಮೇಲೆ ಕೂತ್ಕೊಳ್ಳಲಿ, ಅವರು ಲೆಕ್ಕಕ್ಕಿಲ್ಲ,” ಎಂದು ಮೈಸೂರಿನ ಶೇಷಗಿರಿ ಮುಂದಾಳತ್ವ ವಹಿಸಿದ. “ಪುಳಿಯೋಗರೆ ಡಬ್ಬ ಈ ಕಡೆ ತಳ್ಳಿ, ಇನ್ನೊಂದು ಫ್ಯಾಮಿಲಿ ಅಡ್ಜಸ್ಟ್ ಆಗುತ್ತೆ.”

ಪಂಚಾಕ್ಷರಿಯ ತಾಯಿ ಶಾಂತವ್ವ ಹತ್ತಲೆಂದು ಎತ್ತಿದ ಕಾಲನ್ನು ಹಿಂದೆ ತೆಗೆದಳು. ದೋಣಿಯ ಮುಂಭಾಗ ನೀರಿನಿಂದ ಗೇಣುದ್ದ ಮಾತ್ರ ಮೇಲಿತ್ತು. ಅಲ್ಲೇ, ಯಾರದೋ ತೊಡೆಯ ಮೇಲೆ, ಅವಳ ಮೊಮ್ಮಗಳು ಶಿವಾನಿ ಕುಳಿತಿದ್ದಳು.

“ಪಂಚಾಕ್ಷರಿ, ದೋಣಿ ಮೂತಿ ನೀರಿಗೆ ಇಳದೈತಿ. ಅರ್ಧಾ ಮಂದಿನ್ನ ಇಳಸು.”

“ಯವ್ವಾ, ಕರದು ಹತ್ತಿಸಿದವರಿಗೆ ಇಳೀರಿ ಅಂತ ಹೆಂಗ ಅನ್ಲಿ?”

“ಆಂಟಿ, ಇದು ಅಮೆರಿಕ!” ಶೇಷಗಿರಿ ನಕ್ಕ. “ಬೋಟ್ ಮುಳುಗೋದೆಲ್ಲ ಆಫ್ರಿಕಾ ನ್ಯೂಸಲ್ಲಿ.”

“ಆ ನ್ಯೂಸ್ ನಾ ದಂಡಿಮ್ಯಾಲೆ ನಿಂತು ನೋಡೀನಪಾ.”

ಆಕೆಯ ಗಂಡ ಹಿಂದೆ ತಾಂಜಾನಿಯಾದ ದೊಡ್ಡ ಸರೋವರದ ಬದಿಯ ಹತ್ತಿ ಗಿರಣಿಯಲ್ಲಿದ್ದರು. ತರಕಾರಿ ಮಾರುವ ನೇಮಾ ಎಂಬ ಗೆಳತಿಯನ್ನು ಶಾಂತವ್ವ ಸಂತೆಯ ಸಂಜೆ ದೋಣಿ ಹತ್ತಿಸಿ ಕೈಬೀಸಿದ್ದಳು. ಆ ದೋಣಿ ತುಂಬಿ ತುಳುಕುತ್ತಿತ್ತು. ಮರುದಿನ ದಂಡೆಗೆ ತೇಲಿಬಂದದ್ದು ಬಾಳೆಗೊನೆಗಳು ಮಾತ್ರ. ಅಲ್ಲಿಯ ಜನ ಬೇರೆ ದೋಣಿಯಿಲ್ಲದೆ ಹತ್ತಿದ್ದರು. ಇಲ್ಲಿಯವರನ್ನು ಹತ್ತಿಸಿದ್ದು ಬರಿಯ ದಾಕ್ಷಿಣ್ಯ. ನಾಚಿಕೆ ಯಾರಿಗೆ ಸಲ್ಲಬೇಕು?

“ತೊಡೀ ಮ್ಯಾಲಿನವರು, ಸೀಟಿನ ಮ್ಯಾಲಿನವರು ಅಂತ ನೀರು ನೋಡ್ತೈತೇನು, ಶೇಷಗಿರಿ?”

ನಗು ನಿಂತಿತು. ಆದರೆ ಇಳಿಯುವುದು ಅಷ್ಟು ಸುಲಭವೇ? “ನೀವು ಕೂತಿರಿ, ನಾವಿಳೀತೀವಿ.” “ಛೇ ಛೇ, ನೀವು ಕೂತಿರಿ!” ಉಪಚಾರದ ಭರದಲ್ಲಿ ಎಲ್ಲರೂ ಒಮ್ಮೆಲೇ ಎದ್ದು ದಂಡೆಯ ಕಡೆಗೇ ನುಗ್ಗಿದರು. ದೋಣಿ ಗಕ್ಕನೆ ವಾಲಿತು.

“ಕೂಡ್ರಿ! ಎಲ್ಲಾರೂ ಕೂಡ್ರಿ!” ಶಾಂತವ್ವ ದಂಡೆಯಿಂದ ಕೂಗಿದಳು.

ಎಲ್ಲರೂ ಕುಸಿದು ಕುಳಿತರು. ದಾಕ್ಷಿಣ್ಯವನ್ನು ದಾಕ್ಷಿಣ್ಯದಿಂದಲೇ ಬಗ್ಗಿಸಬೇಕೆಂದು ಶಾಂತವ್ವನಿಗೆ ಆಗ ಹೊಳೆಯಿತು.

“ಮದುವ್ಯಾಗ ಎಲ್ಲಾರೂ ಒಮ್ಮೆಲೇ ಎಲಿ ಮುಂದ ಕೂಡ್ತೀರೇನು? ಇದು ಮೊದಲ್ನೇ ಪಂಕ್ತಿ. ಕರದ ಮನಿಯವರದು ಕಡೇ ಪಂಕ್ತಿ. ಶಿವಾನಿ, ಇಳಿ.”

“ಬಟ್ ಅಜ್ಜಿ, ಇಟ್ಸ್ ಅವರ್ ಬೋಟ್!”

“ಅದಕ್ಕ ಇಳಿ.”

ಪಂಕ್ತಿ ಎಂದ ಮೇಲೆ ಅವಮಾನದ ಪ್ರಶ್ನೆಯೇ ಇಲ್ಲ. ಶಿವಾನಿಯ ಕೈ ಹಿಡಿದುಕೊಂಡು ಸೊಸೆ ಇಳಿದಳು. ಒಬ್ಬೊಬ್ಬರಾಗಿ ಇತರರೂ ಇಳಿದರು. ಶೇಷಗಿರಿಯೂ, “ನಾನು ಬಡಿಸೋರ ಜೊತೆ ಬರ್ತೀನಿ ಆಂಟಿ,” ಎಂದು ತಲೆತಗ್ಗಿಸಿ ಇಳಿದ. ಉಳಿದವರು ಸರಿಯಾಗಿ ಹನ್ನೆರಡು, ದೋಣಿ ನಡೆಸುವ ಪಂಚಾಕ್ಷರಿಯೂ ಸೇರಿ.

ಸರೋವರದ ನಡುವೆ ಭಾರಿ ಸ್ಪೀಡ್‌ಬೋಟೊಂದು ಪಕ್ಕದಲ್ಲೇ ಹಾದುಹೋಯಿತು. ಅದೆಬ್ಬಿಸಿದ ಅಲೆ ದೋಣಿಯ ಮೂತಿಯನ್ನು ಒದ್ದು ಒಳನುಗ್ಗಿ, ಎಲ್ಲರ ಪಾದಗಳನ್ನೂ ಪುಳಿಯೋಗರೆಯನ್ನೂ ತೋಯಿಸಿತು. ಹಗುರವಾಗಿದ್ದ ದೋಣಿ ಹಾಗೂ ಹೀಗೂ ತಲೆಯೆತ್ತಿತು. ಮರಳಿ ಬಂದವರ ಮುಖದಲ್ಲಿ ರಕ್ತವಿರಲಿಲ್ಲ. ಅಷ್ಟರಲ್ಲಿ ಗಾಳಿಯೂ ಜೋರಾಯಿತು. ಪಂಚಾಕ್ಷರಿ ಹಗ್ಗ ಕಟ್ಟಿ, ಜನ್ಮದಲ್ಲಿ ಮೊದಲ ಬಾರಿಗೆ ಎಲ್ಲರೆದುರು, “ಎರಡ್ನೇ ಪಂಕ್ತಿ ಆಗೂದಿಲ್ಲ,” ಎಂದ.

ಶಿವಾನಿ ಅಜ್ಜಿಯ ಸೆರಗೆಳೆದು, “ದಿಸ್ ಈಸ್ ಸೋ ಅನ್‌ಫೇರ್!” ಎಂದು ಕಾಲು ಬಡಿಯುತ್ತ ಅತ್ತಳು, ಅಜ್ಜಿಯನ್ನು ಇಂಗ್ಲಿಷಿನಲ್ಲಿ ಉಸಿರುಗಟ್ಟುವಷ್ಟು ಬೈದಳು.

ಶಾಂತವ್ವ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದು, ಅಷ್ಟನ್ನೂ ಕಿವಿಗೊಟ್ಟು ಕೇಳಿದಳು.

“ಬೈ, ನನ್ನವ್ವಾ. ಇನ್ನೊಂದೀಟು ಬೈ.”