ಹದಿನಾಲ್ಕು ಅಡಿಯ ಬೋರ್ಡು

ಸುರಂಗ ಒಂದು ದಿನ ಮುಚ್ಚಿದ್ದಕ್ಕೆ ಇಡೀ ಊರು ನನ್ನ ತಮ್ಮನಿಗೆ ಶಾಪ ಹಾಕಿತು. ಆ ಸುರಂಗ ಇಲ್ಲದಿದ್ದರೆ ಸ್ಟೇಷನ್ನಿನಿಂದ ಮಾರುಕಟ್ಟೆಗೆ ಗುಡ್ಡ ಸುತ್ತಿ ಬರಬೇಕು. ಐದು ನಿಮಿಷದ ದಾರಿಗೆ ಒಂದು ಗಂಟೆ, ಒಪ್ಪುತ್ತೇನೆ. ಆದರೆ ತಮ್ಮನ ಲಾರಿ ಅದರೊಳಗೆ ಸಿಕ್ಕಿಕೊಂಡಿದ್ದು ಅವನ ತಪ್ಪಿನಿಂದಲ್ಲ. ಸುರಂಗದ ಎತ್ತರ ಹದಿನಾಲ್ಕು ಅಡಿ ಅಂತ ಬೋರ್ಡೇ ಹೇಳುತ್ತಿತ್ತು. ಅವನ ಲಾರಿ ಹದಿಮೂರು ಮುಕ್ಕಾಲು. ಮೂರು ಇಂಚು ಮಿಗಬೇಕಿತ್ತು, ಮಿಗಲಿಲ್ಲ.

ನಾನು ಟೈಲರ್. ಮೂವತ್ತು ವರ್ಷದಿಂದ ಅಳತೆ ತೆಗೆದೇ ಬದುಕಿದವಳು. ಮರುದಿನ ಬೆಳಿಗ್ಗೆ ಕೋಲಿಗೆ ಟೇಪು ಕಟ್ಟಿಕೊಂಡು ಹೋಗಿ ಸುರಂಗದ ಬಾಯಲ್ಲಿ ಅಳೆದೆ. ಹದಿಮೂರೂವರೆ! ಹಳೇ ಟಾರು ಕೀಳದೆ ಅದರ ಮೇಲೇ ಮೂರು ಸಲ ಬಳಿದು ರಸ್ತೆಯನ್ನು ಅರ್ಧ ಅಡಿ ಎಬ್ಬಿಸಿದ್ದರು. ಬೋರ್ಡು ಮುಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಸುರಂಗದ ಇಂಜಿನಿಯರ್ ಹತ್ತಿರ ಹೋದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಅಂತ ನಕ್ಕ.

"ಡೊಂಕಲ್ಲ ಸ್ವಾಮಿ, ಎತ್ತರ. ಬಂದು ಅಳೀರಿ."

ಬರಲಿಲ್ಲ. ಬದಲಿಗೆ ತಮ್ಮನ ಲೈಸೆನ್ಸ್ ಕಿತ್ತುಕೊಂಡು ವಿಚಾರಣೆ ಅಂದರು. ತಪ್ಪು ಅವನದೇ ಅಂತಾದರೆ ಲೈಸೆನ್ಸ್ ಶಾಶ್ವತವಾಗಿ ರದ್ದು. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ.

ವಿಚಾರಣೆಯ ದಿನ ಅಧಿಕಾರಿ ಎಲ್ಲರನ್ನೂ ಸುರಂಗದ ಹತ್ತಿರ ಕರೆದೊಯ್ದರು. ಬೋರ್ಡು ನೋಡಿದೆ. ಹದಿಮೂರೂವರೆ ಅಡಿ ಅಂತ ದಪ್ಪಕ್ಷರದಲ್ಲಿತ್ತು.

"ಸರಿಯಾಗೇ ಇದೆಯಲ್ಲಮ್ಮ," ಅಂದರು ಅಧಿಕಾರಿ. ಇಂಜಿನಿಯರ್ ಆಕಾಶ ನೋಡುತ್ತಿದ್ದ.

ಸಿಕ್ಕಿಕೊಂಡ ಲಾರಿಯ ಫೋಟೊ ಊರೆಲ್ಲ ಹೊಡೆದುಕೊಂಡಿತ್ತು. ಬೋರ್ಡಿನದು ಒಬ್ಬರೂ ತೆಗೆದಿರಲಿಲ್ಲ. ಮಹಾ ಜಾಣೆ ನನಗೂ ಹೊಳೆದಿರಲಿಲ್ಲ. ತಮ್ಮನ ಮುಖ ಸಣ್ಣಗಾಯಿತು.

"ಅಕ್ಕಾ, ನಾನೇ ತಪ್ಪಾಗಿ ಓದಿದ್ನೇನೋ," ಅಂದ.

ಇಪ್ಪತ್ತೆರಡು ವರ್ಷ ಒಂದು ಗೀರೂ ಬೀಳದ ಹಾಗೆ ಲಾರಿ ಓಡಿಸಿದವನ ಬಾಯಲ್ಲಿ ಈ ಮಾತು! ಅವನು ಕೆಲಸ ಕಳಕೊಂಡಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ದಾಪುಗಾಲು ಹಾಕಿ ಬೋರ್ಡಿನ ಹತ್ತಿರ ಹೋದೆ. ನನ್ನ ಅಂಗಡಿಯ ಬೋರ್ಡು ಬರೆದವನು ಕೆಲಸ ಮುಗಿಸಿ ಕೆಳಮೂಲೆಯಲ್ಲಿ ಸಣ್ಣದಾಗಿ ತಾರೀಖು ಹಾಕಿದ್ದ. ಬೋರ್ಡು ಬರೆಯುವವರ ಅಭ್ಯಾಸ ಅದು. ಇಲ್ಲೂ ಇತ್ತು. ಬರೆದವನು ಪಾಪ ಪ್ರಾಮಾಣಿಕ, ತಪ್ಪು ಮುಚ್ಚೋಕೆ ಬರೆಸುತ್ತಿದ್ದಾರೆ ಅಂತ ಅವನಿಗೆ ಯಾರು ಹೇಳಿದ್ದರು?

"ಇದನ್ನ ಓದಿ," ಅಂದೆ ಇಂಜಿನಿಯರಿಗೆ.

ಬಗ್ಗಿ ನೋಡಿದ. ಮುಖ ಕಪ್ಪಿಟ್ಟಿತು. "ಈ ತಿಂಗಳ ಹನ್ನೊಂದು," ಅಂತ ತುಟಿಯಲ್ಲೇ ಗೊಣಗಿದ.

ಲಾರಿ ಸಿಕ್ಕಿಕೊಂಡಿದ್ದು ಅದೇ ತಿಂಗಳ ಎಂಟಕ್ಕೆ. ಅಧಿಕಾರಿ ಫೈಲು ತೆರೆದು ಬರೆದುಕೊಳ್ಳತೊಡಗಿದರು.

"ಗಟ್ಟಿಯಾಗಿ ಓದಿ," ಅಂದೆ. "ಸಾಹೇಬ್ರಿಗೆ ಕೇಳಿಸ್ತು. ನನ್ನ ತಮ್ಮನಿಗೂ ಕೇಳ್ಬೇಕು. ತನ್ನ ಕಣ್ಣನ್ನೇ ನಂಬದೆ ನಿಂತಿದಾನೆ ಅಲ್ಲಿ."